ಆಂಬುಲೆನ್ಸಿಗಿಂತ ಮೊದಲು ಬರುವವರು

ಒಪಿಯಾಯ್ಡ್ ಮಾದಕಗಳ ಹಾವಳಿಗೆ ಸಿಕ್ಕ ಉತ್ತರ ಅಮೆರಿಕದ ನಗರಗಳಲ್ಲಿ ಜೀವ ಉಳಿಸುವ ದಾರಿಯನ್ನು ಮೊದಲು ತುಳಿದವರು ಅದೇ ಬೀದಿಗಳ ಜನ. ಸರ್ಕಾರ ಅವರ ಹಿಂದೆ ಬಂತು. ನಮ್ಮ ನಗರಗಳು ಅವರಿಂದ ಈಗಲೇ ಕಲಿಯಬೇಕಾದದ್ದಿದೆ.

ಫೆಂಟನಿಲ್ ಎಂಬ ಮಾದಕ ಮಿತಿಮೀರಿ ಮೈಸೇರಿದಾಗ ಮನುಷ್ಯ ಕಿರುಚುವುದಿಲ್ಲ, ಒದ್ದಾಡುವುದೂ ಕಡಿಮೆ. ನೋಡಿದವರಿಗೆ ನಿದ್ದೆ ಹತ್ತಿದಂತೆ ಕಾಣುತ್ತದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಗಂಟಲಿನಿಂದ ಗೊರಗೊರ ಸದ್ದು ಬಂದು, ಆಮೇಲೆ ಅದೂ ನಿಲ್ಲುತ್ತದೆ. ಉಸಿರಾಟವನ್ನು ನಡೆಸುವ ಮಿದುಳಿನ ಕೇಂದ್ರವೇ ಮಂಕಾಗಿರುತ್ತದೆ. ಹಾಗೆ ಉಸಿರು ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳಿಗೆ ಹಾನಿ ಶುರುವಾಗುತ್ತದೆ.

ಎಷ್ಟೇ ಸಿರಿವಂತ ನಗರವಾದರೂ ಆಂಬುಲೆನ್ಸ್ ಅಷ್ಟರೊಳಗೆ ಬರುತ್ತದೆ ಎಂಬ ಖಾತ್ರಿಯಿಲ್ಲ. ಆ ನಾಲ್ಕೈದು ನಿಮಿಷ ಪಕ್ಕದಲ್ಲಿ ಯಾರಿದ್ದಾರೆ, ಅವರಿಗೆ ಏನು ಗೊತ್ತಿದೆ, ಅವರ ಚೀಲದಲ್ಲಿ ಏನಿದೆ ಎಂಬುದರ ಮೇಲೆ ಬಿದ್ದವರ ಬದುಕು ನಿಂತಿದೆ. ಅಮೆರಿಕ ಮತ್ತು ಕೆನಡಾದ ಹಲವು ಬಡಾವಣೆಗಳಲ್ಲಿ ಹಾಗೆ ಪಕ್ಕದಲ್ಲಿರುವುದನ್ನೇ ಕೆಲಸ ಮಾಡಿಕೊಂಡವರಿದ್ದಾರೆ. ಅವರನ್ನು ಔಟ್‌ರೀಚ್ ವರ್ಕರ್ ಎನ್ನುತ್ತಾರೆ. ಕಚೇರಿಯಲ್ಲಿ ಕುಳಿತು ರೋಗಿ ಬರಲಿ ಎಂದು ಕಾಯದೆ, ಅವರಿರುವ ಓಣಿ, ಸೇತುವೆ, ಮೆಟ್ರೊ ಕಂಬದ ಬುಡಕ್ಕೆ ತಾವೇ ಹೋಗುವ ಕ್ಷೇತ್ರ ಕಾರ್ಯಕರ್ತರು ಇವರು. ಇವರಲ್ಲಿ ಅನೇಕರು ಒಂದು ಕಾಲಕ್ಕೆ ಅದೇ ಬೀದಿಯಲ್ಲಿ ಬಿದ್ದಿದ್ದವರು. ಕೆಲವರು ಈಗಲೂ ಚಟದಿಂದ ಪೂರ್ತಿ ಹೊರಬಂದಿಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಂತೆ 1999ರಿಂದ 2023ರವರೆಗೆ ಆ ದೇಶದಲ್ಲಿ ಒಪಿಯಾಯ್ಡ್ ಮಿತಿಮೀರಿ ಸತ್ತವರು ಸುಮಾರು 8 ಲಕ್ಷ. ಅಫೀಮಿನಿಂದ ಬರುವ ಹೆರಾಯಿನ್, ಮಾರ್ಫಿನ್‌ಗಳೂ ಪ್ರಯೋಗಾಲಯದಲ್ಲಿ ತಯಾರಾಗುವ ಫೆಂಟನಿಲ್‌ನಂಥವೂ ಒಪಿಯಾಯ್ಡ್‌ಗಳೇ. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಚಟ ಹಿಡಿಸುವ ಅಪಾಯ ಕಡಿಮೆ ಎಂದು ದಾರಿತಪ್ಪಿಸಿ ಮಾರಿದ್ದಕ್ಕೆ ಆ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಬೆನ್ನುನೋವಿಗೆಂದು ಮಾತ್ರೆ ನುಂಗಿದ ಲಕ್ಷಾಂತರ ಜನ ಅದಿಲ್ಲದೆ ದಿನ ಕಳೆಯಲಾರದ ಸ್ಥಿತಿಗೆ ಬಂದಿದ್ದರು. ಮಾತ್ರೆ ಸಿಗುವುದು ಕಷ್ಟವಾದಾಗ ಹಲವರು ಹೆರಾಯಿನ್‌ಗೆ ಇಳಿದರು. 2013ರಿಂದೀಚೆಗೆ ಆ ಹೆರಾಯಿನ್‌ನ ಜಾಗಕ್ಕೆ ಅದಕ್ಕಿಂತ ಸುಮಾರು 50 ಪಟ್ಟು ಪ್ರಬಲವಾದ ಫೆಂಟನಿಲ್ ಬಂತು. ಮಾತ್ರೆಯ ಮುಖವನ್ನೇ ನೋಡದ ಬಡ ಕಪ್ಪು ಬಡಾವಣೆಗಳಲ್ಲಿ ಅದಕ್ಕೂ ದಶಕಗಳ ಮೊದಲೇ ಹೆರಾಯಿನ್ ಜನರನ್ನು ಕೊಲ್ಲುತ್ತಿತ್ತು. ದೇಶ ಅದನ್ನು ಆಗ ಬಿಕ್ಕಟ್ಟು ಎಂದು ಕರೆಯಲಿಲ್ಲ.

ಷಿಕಾಗೊ: ಅಪ್ಪಣೆಗೆ ಕಾಯದವರು

ಒಪಿಯಾಯ್ಡ್ ವಿಷಕ್ಕೆ ಮದ್ದು ಇದೆ. ಅದರ ಹೆಸರು ನ್ಯಾಲೊಕ್ಸೋನ್. 1961ರಲ್ಲಿ ಜಾಕ್ ಫಿಶ್‌ಮನ್ ಮತ್ತು ಮೋಸೆಸ್ ಲೆವೆನ್‌ಸ್ಟೈನ್ ಎಂಬ ರಸಾಯನಶಾಸ್ತ್ರಜ್ಞರು ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1971ರಲ್ಲಿ ಅಮೆರಿಕದ ಸರ್ಕಾರ ಬಳಕೆಗೆ ಒಪ್ಪಿಗೆ ಕೊಟ್ಟಿತು. ಮಿದುಳಿನಲ್ಲಿ ಒಪಿಯಾಯ್ಡ್ ಕುಳಿತ ಜಾಗದಿಂದ ಅದನ್ನು ತಳ್ಳಿ ತಾನು ಕೂರುವುದು ಈ ಔಷಧದ ಕೆಲಸ. ಎರಡು ಮೂರು ನಿಮಿಷದಲ್ಲಿ ಉಸಿರು ಮರಳುತ್ತದೆ. ಇದರಿಂದ ನಶೆ ಏರುವುದಿಲ್ಲ, ಚಟ ಹತ್ತುವುದಿಲ್ಲ. ಮೈಯಲ್ಲಿ ಒಪಿಯಾಯ್ಡ್ ಇಲ್ಲದವರಿಗೆ ತಪ್ಪಿ ಕೊಟ್ಟರೂ ಅಪಾಯವಿಲ್ಲ ಎನ್ನಬಹುದು.

ಇಂಥ ಔಷಧ ಕಾಲು ಶತಮಾನ ಆಸ್ಪತ್ರೆಯ ಕಪಾಟಿನಲ್ಲೂ ಆಂಬುಲೆನ್ಸಿನಲ್ಲೂ ಉಳಿಯಿತು. ಜನ ಸಾಯುತ್ತಿದ್ದದ್ದು ಬಚ್ಚಲುಮನೆಯಲ್ಲಿ, ಮೆಟ್ಟಿಲ ಕೆಳಗೆ, ಬಾಡಿಗೆ ಕೋಣೆಯಲ್ಲಿ. ಫಿಶ್‌ಮನ್ ಅವರ ಮಲಮಗನೇ 2003ರಲ್ಲಿ ಹೆರಾಯಿನ್ ಮಿತಿಮೀರಿ ತೀರಿಕೊಂಡ. ಮದ್ದು ಕಂಡುಹಿಡಿದವರ ಕುಟುಂಬಕ್ಕೂ ಮದ್ದು ಹೊತ್ತಿಗೆ ಒದಗಲಿಲ್ಲ.

ಕಪಾಟಿನಿಂದ ಅದನ್ನು ಬೀದಿಗೆ ತಂದವರು ಷಿಕಾಗೊದ ಡ್ಯಾನ್ ಬಿಗ್ ಮತ್ತು ಅವರ ಗೆಳೆಯರು. ಏಡ್ಸ್ ಕಾಲದಲ್ಲಿ ಶುದ್ಧ ಸೂಜಿ ಹಂಚಲೆಂದು ಹುಟ್ಟಿದ್ದ ಷಿಕಾಗೊ ರಿಕವರಿ ಅಲಯನ್ಸ್ ಎಂಬ ಅವರ ಸಂಸ್ಥೆಯ ಸಹಸ್ಥಾಪಕರೊಬ್ಬರು 1996ರಲ್ಲಿ ಓವರ್‌ಡೋಸ್‌ನಿಂದ, ಅಂದರೆ ಮಾದಕ ಮಿತಿಮೀರಿ, ಸತ್ತರು. ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂದ ಅದೇ ವರ್ಷ. ಒಪ್ಪಿದ ವೈದ್ಯರ ನೆರವಿನಿಂದ ಬಿಗ್ ನ್ಯಾಲೊಕ್ಸೋನ್ ಸೀಸೆಗಳನ್ನು ಹೊಂದಿಸಿಕೊಂಡು, ತಮ್ಮ ವ್ಯಾನಿನ ಬಾಗಿಲಿಗೆ ಬಂದವರಿಗೆ ಕೊಡಲು ಶುರುಮಾಡಿದರು. ಉಸಿರು ನಿಂತವರ ಗದ್ದ ಎತ್ತುವುದು, ಬಾಯಿಗೆ ಬಾಯಿಟ್ಟು ಗಾಳಿ ಊದುವುದು, ತೊಡೆಗೆ ಚುಚ್ಚುವುದು, ಇಷ್ಟನ್ನೂ ನಿಂತಲ್ಲೇ ಹೇಳಿಕೊಡುತ್ತಿದ್ದರು. ವೈದ್ಯರ ಚೀಟಿಯಿಲ್ಲದೆ ಸಿಗದ ಔಷಧವನ್ನು ಚಟಕ್ಕೆ ಬಿದ್ದವರ ಕೈಗೇ ಕೊಡುವುದನ್ನು ಆಗಿನ ಕಾನೂನು ಸ್ಪಷ್ಟವಾಗಿ ಒಪ್ಪಿರಲಿಲ್ಲ. ಷಿಕಾಗೊ ಇರುವ ಇಲಿನಾಯ್ ರಾಜ್ಯ ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟದ್ದು 2010ರಲ್ಲಿ. ಆ ಹದಿನಾಲ್ಕು ವರ್ಷ ಇವರು ನಿಲ್ಲಲಿಲ್ಲ.

ಇವರನ್ನು ನೋಡಿ ಬೇರೆ ನಗರಗಳೂ ಕಲಿತವು. ರೋಗ ನಿಯಂತ್ರಣ ಕೇಂದ್ರ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 1996ರಿಂದ 2014ರ ಜೂನ್‌ವರೆಗೆ ಇಂಥ ಸಂಸ್ಥೆಗಳು 1,52,283 ಸಾಮಾನ್ಯ ಜನರಿಗೆ ನ್ಯಾಲೊಕ್ಸೋನ್ ಕೊಟ್ಟಿದ್ದವು. ಅದರಿಂದ 26,463 ಓವರ್‌ಡೋಸ್‌ಗಳನ್ನು ತಡೆದ ವರದಿ ಬಂದಿತ್ತು. ಹಾಗೆ ಔಷಧ ಕೊಟ್ಟವರಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ಸ್ವತಃ ಮಾದಕ ಬಳಸುವವರು. ಯಾರಿಂದ ಏನೂ ಆಗದು ಎಂದು ಸಮಾಜ ಕೈಬಿಟ್ಟಿತ್ತೋ ಅವರೇ ಒಬ್ಬರನ್ನೊಬ್ಬರು ಉಳಿಸಿಕೊಂಡಿದ್ದರು.

2023ರ ಮಾರ್ಚ್‌ನಲ್ಲಿ ನ್ಯಾಲೊಕ್ಸೋನ್ ಮೂಗಿನ ಸ್ಪ್ರೇ ಚೀಟಿಯಿಲ್ಲದೆ ಮಾರಾಟಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವ್ಯಾನಿನ ಬಾಗಿಲಲ್ಲಿ ಶುರುವಾದದ್ದು ಔಷಧದಂಗಡಿಯ ಶೆಲ್ಫಿಗೆ ಬರಲು 27 ವರ್ಷ ಹಿಡಿಯಿತು.

ವ್ಯಾಂಕೂವರ್: ಓಣಿಯಲ್ಲಿ ಹಾಕಿದ ಗುಡಾರ

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ಕಡಲು, ಬೆಟ್ಟ, ಗಾಜಿನ ಗೋಪುರಗಳ ಊರು. ಅದರ ಹೃದಯದಲ್ಲೇ ಡೌನ್‌ಟೌನ್ ಈಸ್ಟ್‌ಸೈಡ್ ಎಂಬ ಬಡಾವಣೆಯಿದೆ. ಹೇಸ್ಟಿಂಗ್ಸ್ ಮತ್ತು ಮೇನ್ ರಸ್ತೆಗಳು ಕೂಡುವ ಮೂಲೆ ಅದರ ನಡುಮಧ್ಯ. ಒಂದು ಕಾಲಕ್ಕೆ ಮರ ಕಡಿಯುವವರು, ಮೀನುಗಾರರು, ಗಣಿ ಕೆಲಸಗಾರರು ತಂಗುತ್ತಿದ್ದ ಅಗ್ಗದ ಹೋಟೆಲುಗಳ ಒಂಟಿ ಕೋಣೆಗಳಲ್ಲಿ ಈಗ ನಗರದ ಅತಿ ಬಡವರು ಬದುಕುತ್ತಾರೆ.

1997ರಲ್ಲಿ ಅಲ್ಲಿ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಕಾಡ್ಗಿಚ್ಚಿನ ವೇಗದಲ್ಲಿ ಹಬ್ಬಿತು. ಆ ವರ್ಷದ ಜುಲೈ 15ರಂದು ಓಪನ್‌ಹೈಮರ್ ಪಾರ್ಕಿನ ಹುಲ್ಲಿನಲ್ಲಿ ಜನ ಒಂದು ಸಾವಿರ ಮರದ ಶಿಲುಬೆಗಳನ್ನು ನೆಟ್ಟರು. ಪ್ರತಿಯೊಂದೂ ಓವರ್‌ಡೋಸ್‌ನಿಂದ ಸತ್ತ ಒಬ್ಬರಿಗಾಗಿ. ಇದರ ಹಿಂದೆ ಇದ್ದವರು ಬಡ್ ಆಸ್ಬಾರ್ನ್ ಎಂಬ ಕವಿ, ತಾನೂ ಹೆರಾಯಿನ್‌ನ ಹಿಡಿತದಲ್ಲಿ ವರ್ಷಗಳನ್ನು ಕಳೆದವರು. ಅವರೂ ಆನ್ ಲಿವಿಂಗ್‌ಸ್ಟನ್ ಎಂಬ ಹೋರಾಟಗಾರ್ತಿಯೂ ಸೇರಿ, ಮಾದಕ ಬಳಸುವವರದೇ ಒಂದು ಸಂಘ ಕಟ್ಟಿದರು. ಅದರ ಹೆಸರು ವ್ಯಾಂಡು. ಸಂಘದ ಸದಸ್ಯರು ಓಣಿಗಳಲ್ಲಿ ಗಸ್ತು ತಿರುಗಿದರು, ಶುದ್ಧ ಸೂಜಿ ಹಂಚಿದರು, ಬಳಸಿ ಬಿಸಾಡಿದ್ದನ್ನು ಹೆಕ್ಕಿದರು, ನಗರಸಭೆಯ ಸಭಾಂಗಣಕ್ಕೆ ಹೋಗಿ ಮಾತಾಡಿದರು.

ಆ ಮಾತು ತಾಕಿತು. ಆಗಿನ ಮೇಯರ್ ಫಿಲಿಪ್ ಓವೆನ್ ಸಂಪ್ರದಾಯವಾದಿ ಪಕ್ಷದವರು, ಶ್ರೀಮಂತ ಬಡಾವಣೆಯವರು. ಈ ಜನರನ್ನು ಕಂಡು ಕೇಳಿದ ಮೇಲೆ ಅವರು 2001ರಲ್ಲಿ ತಡೆ, ಚಿಕಿತ್ಸೆ, ಕಾನೂನು ಜಾರಿ ಮತ್ತು ಹಾನಿ ತಗ್ಗಿಸುವಿಕೆ ಎಂಬ ನಾಲ್ಕು ಕಂಬಗಳ ನೀತಿಯನ್ನು ಮುಂದಿಟ್ಟರು. ಮುಂದಿನ ಮೇಯರ್ ಲ್ಯಾರಿ ಕ್ಯಾಂಬೆಲ್ ಹಿಂದೆ ಶವಪರೀಕ್ಷಾಧಿಕಾರಿಯಾಗಿ ಈ ಬಡಾವಣೆಯ ಸಾವುಗಳನ್ನು ಕಣ್ಣಾರೆ ಕಂಡವರು. 2003ರ ಸೆಪ್ಟೆಂಬರ್‌ನಲ್ಲಿ ಹೇಸ್ಟಿಂಗ್ಸ್ ರಸ್ತೆಯಲ್ಲಿ ಇನ್‌ಸೈಟ್ ತೆರೆಯಿತು. ಜನ ತಾವೇ ತಂದ ಮಾದಕವನ್ನು ದಾದಿಯರ ಕಣ್ಣೆದುರು, ಶುದ್ಧ ಸೂಜಿಯಿಂದ ಚುಚ್ಚಿಕೊಳ್ಳಬಹುದಾದ, ಕಾನೂನಿನ ಒಪ್ಪಿಗೆ ಪಡೆದ ಉತ್ತರ ಅಮೆರಿಕದ ಮೊದಲ ಕೇಂದ್ರ ಅದು. 2007ರಲ್ಲಿ ಅದೇ ಕಟ್ಟಡದ ಮೇಲ್ಮಹಡಿಯಲ್ಲಿ ಚಟ ಬಿಡಿಸುವ ಹಾಸಿಗೆಗಳೂ ಬಂದವು.

ಇದು ತಪ್ಪಿಗೆ ಕುಮ್ಮಕ್ಕು ಕೊಟ್ಟಂತಲ್ಲವೇ ಎಂಬ ಪ್ರಶ್ನೆ ಅಲ್ಲೂ ಎದ್ದಿತು, ನಮ್ಮ ಓದುಗರ ಮನಸ್ಸಿನಲ್ಲೂ ಏಳುತ್ತದೆ. ಅದಕ್ಕೆ ಉತ್ತರ ಲೆಕ್ಕದಲ್ಲಿದೆ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ ಇನ್‌ಸೈಟ್ ತೆರೆದ ಮೇಲೆ ಅದರ ಸುತ್ತ 500 ಮೀಟರ್ ವ್ಯಾಪ್ತಿಯಲ್ಲಿ ಓವರ್‌ಡೋಸ್ ಸಾವಿನ ಪ್ರಮಾಣ ಶೇ 35ರಷ್ಟು ಇಳಿಯಿತು. ಉಳಿದ ನಗರದಲ್ಲಿ ಇಳಿದದ್ದು ಶೇ 9.3. ಇನ್‌ಸೈಟನ್ನು ಮುಚ್ಚಿಸಲು ಹೊರಟ ಕೆನಡಾದ ಕೇಂದ್ರ ಸರ್ಕಾರದ ವಿರುದ್ಧ ಅದೇ ವರ್ಷದ ಸೆಪ್ಟೆಂಬರ್ 30ರಂದು ಕೆನಡಾದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದ ತೀರ್ಪು ಕೊಟ್ಟರು. ಸತ್ತವರಿಗೆ ಚಟ ಬಿಡಿಸಲಾಗದು. ಬದುಕುಳಿದವರಿಗೆ ನಾಳೆ ಎಂಬುದಿರುತ್ತದೆ, ಆ ನಾಳೆ ಚಿಕಿತ್ಸೆಯ ಬಾಗಿಲು ತಟ್ಟುವ ಮನಸ್ಸು ಬರಬಹುದು.

ಫೆಂಟನಿಲ್ ಬಂದಾಗ ಒಂದು ಇನ್‌ಸೈಟ್ ಸಾಲದಾಯಿತು. 2016ರ ಏಪ್ರಿಲ್ 14ರಂದು ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಆದರೂ ಹೊಸ ಕೇಂದ್ರಗಳಿಗೆ ಅನುಮತಿಯ ಕಡತ ಮುಂದೆ ಸರಿಯಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಬೀದಿ ಸಂತೆ ನಡೆಸುತ್ತಿದ್ದ ಸಾರಾ ಬ್ಲೈತ್, ಅದೇ ಆನ್ ಲಿವಿಂಗ್‌ಸ್ಟನ್ ಮತ್ತು ಗೆಳೆಯರು ಸಂತೆಯ ಪಕ್ಕದ ಓಣಿಯಲ್ಲಿ ಒಂದು ಗುಡಾರ ಹಾಕಿದರು. ಮೇಜು, ಕುರ್ಚಿ, ನ್ಯಾಲೊಕ್ಸೋನ್, ನೋಡಿಕೊಳ್ಳುವ ಸ್ವಯಂಸೇವಕರು, ಅಷ್ಟೇ. ಅದು ಕಾನೂನುಬಾಹಿರವಾಗಿತ್ತು, ದಿನವೂ ಜೀವ ಉಳಿಸುತ್ತಿತ್ತು. ಡಿಸೆಂಬರ್‌ನಲ್ಲಿ ಪ್ರಾಂತ್ಯದ ಆರೋಗ್ಯ ಸಚಿವರು ಆದೇಶ ಹೊರಡಿಸಿ ಇಂಥ ತಾಣಗಳಿಗೆ ಒಪ್ಪಿಗೆ ಕೊಟ್ಟರು. ವರ್ಷಗಟ್ಟಲೆ ಆಗದ ಕೆಲಸ, ಗುಡಾರ ನಿಂತ ಮೂರು ತಿಂಗಳಲ್ಲಿ ಆಯಿತು.

ಬೀದಿಯನ್ನು ಬಲ್ಲವರಿಗೆ ಮಾತ್ರ ತಿಳಿಯುವ ಸಂಗತಿಗಳಿವೆ. ಸರ್ಕಾರದ ಸಹಾಯಧನದ ಚೆಕ್ ಕೈಸೇರುವ ಬುಧವಾರದ ಆಸುಪಾಸಿನಲ್ಲಿ ಓವರ್‌ಡೋಸ್ ಏರುತ್ತದೆ. ಹಾಗಾಗಿ ಆ ವಾರ ಕಾರ್ಯಕರ್ತರು ಹೆಚ್ಚು ಸಜ್ಜಾಗಿರಬೇಕು. ಬೀದಿಯಲ್ಲಿ ಬಿದ್ದರೆ ಯಾರಾದರೂ ನೋಡುತ್ತಾರೆ. ಹೆಚ್ಚು ಜನ ಸಾಯುವುದು ಕದ ಹಾಕಿದ ಕೋಣೆಯೊಳಗೆ ಒಂಟಿಯಾಗಿ. ಆದ್ದರಿಂದ ಹಳೆಯ ಹೋಟೆಲುಗಳ ಬಾಡಿಗೆದಾರರಿಗೇ ತರಬೇತಿ ಕೊಟ್ಟು, ಮಹಡಿ ಮಹಡಿಯಲ್ಲಿ ನ್ಯಾಲೊಕ್ಸೋನ್ ಇಟ್ಟು, ನೆರೆಯವರ ಕದ ತಟ್ಟಿ ನೋಡುವ ಏರ್ಪಾಡು 2017ರಿಂದ ನಡೆದಿದೆ. ಮೂಲನಿವಾಸಿಗಳ ನಡುವೆ ಸಾವಿನ ಪ್ರಮಾಣ ಪ್ರಾಂತ್ಯದ ಉಳಿದವರಿಗಿಂತ 2023ರಲ್ಲಿ ಸುಮಾರು ಆರು ಪಟ್ಟು ಇತ್ತು. ಮಕ್ಕಳನ್ನು ಕಿತ್ತುಕೊಂಡು ವಸತಿಶಾಲೆಗೆ ನೂಕಿದ ಸರ್ಕಾರದ ನೆನಪು ಇನ್ನೂ ಹಸಿಯಾಗಿರುವ ಆ ಜನ ಸಮವಸ್ತ್ರ ತೊಟ್ಟವರನ್ನು ಸುಲಭಕ್ಕೆ ನಂಬುವುದಿಲ್ಲ. ತಮ್ಮವರೇ ಬಂದರೆ ಕದ ತೆರೆಯುತ್ತಾರೆ.

ಇಷ್ಟಾದರೂ 2021ರಿಂದ 2023ರವರೆಗೆ ಆ ಪ್ರಾಂತ್ಯದಲ್ಲಿ ವರ್ಷಕ್ಕೆ 2,200ಕ್ಕೂ ಹೆಚ್ಚು ಜನ ಸತ್ತರು. ಹಾಗಾದರೆ ಈ ದುಡಿಮೆ ವ್ಯರ್ಥವೇ? 2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ 2016ರ ಏಪ್ರಿಲ್‌ನಿಂದ 2017ರ ಕೊನೆಯವರೆಗೆ ಅಲ್ಲಿ 2,177 ಜನ ಸತ್ತರು; ನ್ಯಾಲೊಕ್ಸೋನ್ ಹಂಚಿಕೆ, ಓವರ್‌ಡೋಸ್ ತಡೆ ತಾಣ, ಬದಲಿ ಔಷಧ ಚಿಕಿತ್ಸೆ ಈ ಮೂರೂ ಇಲ್ಲದಿದ್ದರೆ ಇನ್ನೂ ಸುಮಾರು 3,030 ಜನ ಸಾಯುತ್ತಿದ್ದರು. ವಿಷ ಬೆರೆತ ಮಾಲನ್ನು ಶುದ್ಧ ಮಾಡುವುದು, ಮನೆ ಕೊಡುವುದು, ಕೆಲಸ ಕೊಡುವುದು ಓಣಿಯ ಕಾರ್ಯಕರ್ತರ ಕೈಯಲ್ಲಿಲ್ಲ. ಬಿದ್ದವರನ್ನು ಎಬ್ಬಿಸುವುದು ಅವರ ಕೈಯಲ್ಲಿದೆ, ಅದನ್ನು ಅವರು ಮಾಡಿದ್ದಾರೆ.

ಕೆನ್ಸಿಂಗ್ಟನ್: ಗಾಯ ತೊಳೆಯುವ ಕೆಲಸ

ಅಮೆರಿಕದ ಫಿಲಡೆಲ್ಫಿಯಾದ ಕೆನ್ಸಿಂಗ್ಟನ್ ಹಿಂದೆ ಗಿರಣಿಗಳ ಬಡಾವಣೆ. ನೂಲು, ಜಮಖಾನೆ, ಟೋಪಿಗಳ ಕಾರ್ಖಾನೆಗಳು ಮುಚ್ಚಿದ ಮೇಲೆ ಉಳಿದದ್ದು ಖಾಲಿ ಇಟ್ಟಿಗೆ ಕಟ್ಟಡಗಳು. ತಲೆಯ ಮೇಲೆ ಮೆಟ್ರೊ ಓಡುವ ಕೆನ್ಸಿಂಗ್ಟನ್ ಅವೆನ್ಯೂವಿನ ಕೆಳಗೆ ಈಶಾನ್ಯ ಅಮೆರಿಕದ ಅತಿ ದೊಡ್ಡ ಮಾದಕ ಸಂತೆಗಳಲ್ಲೊಂದು ನಡೆಯುತ್ತದೆ. ಫಿಲಡೆಲ್ಫಿಯಾದಲ್ಲಿ ಓವರ್‌ಡೋಸ್‌ಗೆ 2017ರಲ್ಲಿ 1,217 ಮಂದಿ, 2022ರಲ್ಲಿ 1,413 ಮಂದಿ ಬಲಿಯಾದರು.

ಇಲ್ಲಿಯೂ ಕಥೆ ಅಪ್ಪಣೆಯಿಲ್ಲದೆ ಶುರುವಾಯಿತು. 1991ರಲ್ಲಿ ಏಡ್ಸ್ ಹೋರಾಟಗಾರರು ಕಾನೂನು ಮುರಿದು ಬೀದಿಯಲ್ಲಿ ಶುದ್ಧ ಸೂಜಿ ಹಂಚತೊಡಗಿದರು. 1992ರಲ್ಲಿ ಮೇಯರ್ ಎಡ್ ರೆಂಡೆಲ್ ಆದೇಶ ಹೊರಡಿಸಿ ಅದನ್ನು ಸಕ್ರಮಗೊಳಿಸಿದರು. ಅದೇ ಪ್ರಿವೆನ್ಷನ್ ಪಾಯಿಂಟ್ ಎಂಬ ಸಂಸ್ಥೆಯಾಗಿ, ಈಗ ಕೆನ್ಸಿಂಗ್ಟನ್ ಅವೆನ್ಯೂವಿನ ಒಂದು ಹಳೆಯ ಚರ್ಚ್ ಕಟ್ಟಡದಲ್ಲಿದೆ. 1993ರಿಂದ 2002ರವರೆಗಿನ ಹತ್ತು ವರ್ಷದಲ್ಲಿ ಈ ಸೂಜಿ ವಿನಿಮಯದಿಂದ 10,592 ಎಚ್‌ಐವಿ ಸೋಂಕುಗಳು ತಪ್ಪಿದವು ಎಂದು ಸಂಶೋಧಕರು ಅಂದಾಜಿಸಿದ್ದಾರೆ.

ಇಂದು ಅಲ್ಲಿನ ಕಾರ್ಯಕರ್ತರ ಬೆನ್ನ ಚೀಲದಲ್ಲಿ ನ್ಯಾಲೊಕ್ಸೋನ್ ಸ್ಪ್ರೇ, ಫೆಂಟನಿಲ್ ಪತ್ತೆಹಚ್ಚುವ ಪಟ್ಟಿಗಳು, ನೀರಿನ ಬಾಟಲಿ, ಒಣ ಕಾಲುಚೀಲ ಇವುಗಳ ಜೊತೆ ಸಲೈನ್, ಗಾಜ್ ಬಟ್ಟೆ, ಬ್ಯಾಂಡೇಜು ಇರುತ್ತವೆ. ಕಾರಣ ಝೈಲಝೀನ್. ಕುದುರೆ, ದನಗಳಿಗೆ ಮಂಪರು ಬರಿಸುವ ಈ ಪಶುವೈದ್ಯಕೀಯ ಔಷಧವನ್ನು ಮಾರಾಟಗಾರರು ಫೆಂಟನಿಲ್‌ಗೆ ಬೆರೆಸತೊಡಗಿದರು. 2021ರ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಪರೀಕ್ಷಿಸಿದ ಮಾಲಿನ ಶೇ 90ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಅದು ಸಿಕ್ಕಿತು. ಅದನ್ನು ಬಳಸಿದವರ ಕೈಕಾಲುಗಳಲ್ಲಿ ಚುಚ್ಚದ ಜಾಗದಲ್ಲೂ ಹುಣ್ಣೆದ್ದು, ಕಪ್ಪುಗಟ್ಟಿ, ಎಲುಬಿನವರೆಗೆ ಕೊಳೆಯುವುದುಂಟು. ಕೆಲವರು ಕಾಲನ್ನೇ ಕಳೆದುಕೊಂಡಿದ್ದಾರೆ.

ಈ ಗಾಯಕ್ಕೆ ಆಸ್ಪತ್ರೆಗೆ ಹೋಗಲು ಅವರು ಒಲ್ಲರು. ಅಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಅಷ್ಟರಲ್ಲಿ ನಶೆ ಇಳಿದು ಮೈ ನಡುಗುತ್ತದೆ, ವಾಂತಿ, ಭೇದಿ, ಮೂಳೆಮೂಳೆಯಲ್ಲೂ ನೋವು. ಅದಕ್ಕಿಂತ ಹೆಚ್ಚಾಗಿ ಅವರನ್ನು ತಡೆಯುವುದು ನಾಚಿಕೆ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುವವರ ಮುಂದೆ ಬ್ಯಾಂಡೇಜು ಬಿಚ್ಚಲು ಯಾರಿಗೆ ಮನಸ್ಸು ಬಂದೀತು? ಹಾಗಾಗಿ ಕಾರ್ಯಕರ್ತರು ಕಾಲುದಾರಿಯ ಮೇಲೆ ಮಂಡಿಯೂರಿ ಕೂತು ಗಾಯ ತೊಳೆಯುತ್ತಾರೆ. ಹೆಸರು ಹಿಡಿದು ಕರೆಯುತ್ತಾರೆ. ಊಟ ಆಯಿತೇ ಎಂದು ಕೇಳುತ್ತಾರೆ. ಚಟ ಬಿಡು ಎಂದು ಮೊದಲ ದಿನ ಹೇಳುವುದಿಲ್ಲ. ಎಷ್ಟೋ ಸಲ ಬ್ಯಾಂಡೇಜು ಬದಲಿಸಿದ ಮೇಲೆ ಒಂದು ದಿನ ಆ ಮನುಷ್ಯನೇ ಕೇಳುತ್ತಾನೆ: ಆಸ್ಪತ್ರೆಯಲ್ಲಿ ಹಾಸಿಗೆ ಇದೆಯೇ? ಆ ಪ್ರಶ್ನೆ ಬಂದ ಗಳಿಗೆಯಲ್ಲೇ ಜೊತೆಗೆ ನಡೆದು ಹೋಗಬೇಕು. ನಾಳೆ ಬಾ ಎಂದರೆ ಆ ನಾಳೆ ಬರುವುದಿಲ್ಲ.

ಝೈಲಝೀನ್ ಒಪಿಯಾಯ್ಡ್ ಅಲ್ಲವಾದ್ದರಿಂದ ನ್ಯಾಲೊಕ್ಸೋನ್‌ಗೆ ಅದು ಮಣಿಯದು. ಔಷಧ ಕೊಟ್ಟ ಮೇಲೂ ಬಿದ್ದವರು ಕಣ್ಣು ಬಿಡದಿರಬಹುದು. ಹೊಸಬರು ಗಾಬರಿಯಿಂದ ಸ್ಪ್ರೇ ಮೇಲೆ ಸ್ಪ್ರೇ ಹೊಡೆಯುತ್ತಾರೆ. ಪಳಗಿದವರು ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಾರೆ, ಉಸಿರು ಊದುತ್ತಾರೆ, ಮಗ್ಗುಲಿಗೆ ಹೊರಳಿಸಿ ಮಲಗಿಸಿ ಕಾಯುತ್ತಾರೆ. ಎಚ್ಚರ ಬೇಕಿಲ್ಲ, ಉಸಿರು ಬೇಕು. ಈ ತಿಳಿವಳಿಕೆ ಬೀದಿಯ ದುಡಿಮೆಯಲ್ಲಿ ಗಟ್ಟಿಯಾದದ್ದು. 2024ರಲ್ಲಿ ಝೈಲಝೀನ್ ಜಾಗಕ್ಕೆ ಮೆಡೆಟೊಮಿಡೀನ್ ಎಂಬ ಇನ್ನೊಂದು ಮಂಪರು ಔಷಧ ಬಂತು. ಅದು ಇಳಿಯುವಾಗ ರಕ್ತದೊತ್ತಡ ನೆತ್ತಿಗೇರಿ ತೀವ್ರ ನಿಗಾ ಘಟಕ ಸೇರಬೇಕಾಗಬಹುದು. ಮಾಲು ಬದಲಾದದ್ದನ್ನು ಮೊದಲು ಗಮನಿಸುವುದೂ ಇದೇ ಜನ.

ಮ್ಯಾಕ್‌ಫರ್ಸನ್ ಸ್ಕ್ವೇರ್ ಎಂಬ ಉದ್ಯಾನದ ನಡುವಿನ ಸಾರ್ವಜನಿಕ ಗ್ರಂಥಾಲಯದ ಸಿಬ್ಬಂದಿ 2017ರಲ್ಲಿ ನ್ಯಾಲೊಕ್ಸೋನ್ ಕೊಡುವುದನ್ನು ಕಲಿತರು. ಮಕ್ಕಳಿಗೆ ಪುಸ್ತಕ ಕೊಡುವ ಕೈಗಳೇ ಹುಲ್ಲಿನ ಮೇಲೆ ಬಿದ್ದವರ ಜೀವ ಹಿಡಿದವು.

ನಿವಾಸಿಗಳ ಸಿಟ್ಟು ಸುಳ್ಳಲ್ಲ

ಕೆನ್ಸಿಂಗ್ಟನ್‌ನಲ್ಲಿ ಪೋರ್ಟೊ ರಿಕೊ ಮೂಲದ ದುಡಿಯುವ ಕುಟುಂಬಗಳು ಬಹಳ. ಅಲ್ಲಿನ ಮಕ್ಕಳು ಸೂಜಿ ದಾಟಿಕೊಂಡು ಶಾಲೆಗೆ ಹೋಗುತ್ತಾರೆ. ಮನೆಯ ಮೆಟ್ಟಿಲ ಮೇಲೆ ಅಪರಿಚಿತರು ಪ್ರಜ್ಞೆ ತಪ್ಪಿ ಬಿದ್ದಿರುತ್ತಾರೆ. ಎಲ್ಲ ಸೇವೆಗಳನ್ನೂ ನಮ್ಮ ಬೀದಿಗೇ ತಂದು ಸುರಿದರೆ ಸಂತೆ ಇಲ್ಲೇ ಖಾಯಂ ಆಗುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಆ ನೋವು ನ್ಯಾಯವಾದದ್ದು. ಶ್ರೀಮಂತ ಬಡಾವಣೆಗಳು ತಮ್ಮಲ್ಲಿ ಇಂಥ ಕೇಂದ್ರ ಬೇಡವೆಂದು ತಳ್ಳಿದ್ದರ ಹೊರೆಯೂ ಬಡವರ ಬೀದಿಯ ಮೇಲೆ ಬಿದ್ದಿದೆ.

ಮೇಯರ್ ಷೆರೆಲ್ ಪಾರ್ಕರ್ 2024ರಲ್ಲಿ ಅಧಿಕಾರಕ್ಕೆ ಬಂದದ್ದು ಈ ಸಿಟ್ಟನ್ನು ಕೇಳಿಸಿಕೊಂಡು. ಆ ಮೇ ತಿಂಗಳಲ್ಲಿ ನಗರ ಅವೆನ್ಯೂವಿನ ಗುಡಾರಗಳನ್ನು ತೆರವು ಮಾಡಿತು, ಅದೇ ವರ್ಷ ಸೂಜಿ ವಿನಿಮಯಕ್ಕೆ ತನ್ನ ಹಣ ಕೊಡುವುದನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಚೇತರಿಸಿಕೊಳ್ಳುವವರು ಉಳಿಯಲು ರಿವರ್‌ವ್ಯೂ ಎಂಬ ವಸತಿ ತಾಣವನ್ನೂ ತೆರೆಯಿತು. ವಸತಿ ತೆರೆದದ್ದು ಒಳ್ಳೆಯ ಕೆಲಸ. ಆದರೆ ಗುಡಾರ ಕಿತ್ತಾಗ ಜನ ಮಾಯವಾಗಲಿಲ್ಲ, ಅಕ್ಕಪಕ್ಕದ ಗಲ್ಲಿಗಳಿಗೆ ಚದುರಿದರು. ಕಾರ್ಯಕರ್ತರಿಗೆ ಅವರ ಹೊಸ ಜಾಗ ಹುಡುಕುವುದೇ ಮೊದಲ ಕೆಲಸವಾಯಿತು. ವಸತಿಯ ಹಾಸಿಗೆಗೂ ಬೀದಿಯಲ್ಲಿ ಬಿದ್ದವರಿಗೂ ನಡುವೆ ಕೈಹಿಡಿದು ನಡೆಸುವ ಒಬ್ಬರು ಬೇಕು. ಆ ಒಬ್ಬರನ್ನು ತೆಗೆದರೆ ಹಾಸಿಗೆ ಖಾಲಿ ಉಳಿಯುತ್ತದೆ.

ಎಬ್ಬಿಸುವವರನ್ನು ಎಬ್ಬಿಸುವವರು ಯಾರು?

ಡ್ಯಾನ್ ಬಿಗ್ 2018ರ ಆಗಸ್ಟ್‌ನಲ್ಲಿ ತಮ್ಮ ಮನೆಯಲ್ಲಿ ತೀರಿಕೊಂಡರು. ಸಾವಿಗೆ ಕಾರಣ ಮಾದಕಗಳ ಮಿಶ್ರಣ ಎಂದು ಶವಪರೀಕ್ಷೆ ಹೇಳಿತು. ಸಾವಿರಾರು ಜನರ ಕೈಗೆ ಮದ್ದು ಕೊಟ್ಟವರಿಗೇ ಆ ಹೊತ್ತಿಗೆ ಮದ್ದು ಒದಗಲಿಲ್ಲ. ಇದನ್ನು ಅವರ ಕೆಲಸದ ಸೋಲೆಂದು ಓದುವವರಿದ್ದಾರೆ. ಬಿಗ್ ಅವರ ಜೀವಮಾನದ ಕೆಲಸ ಹೇಳುವುದು ಇದನ್ನೇ: ಈ ಕಾಯಿಲೆ ಯಾರನ್ನೂ ಬಿಡುವುದಿಲ್ಲ, ಯಾರನ್ನೂ ಒಂಟಿಯಾಗಿ ಬಿಡಬೇಡಿ.

ಬೀದಿ ಕಾರ್ಯಕರ್ತರು ಇಂದು ಎಬ್ಬಿಸಿದವರನ್ನು ಮುಂದಿನ ವಾರ ಕಳೆದುಕೊಳ್ಳುತ್ತಾರೆ. ಸತ್ತವರು ಅವರಿಗೆ ಕಡತದ ಸಂಖ್ಯೆಯಲ್ಲ, ಗೆಳೆಯರು, ತಂಗಿ, ಹಳೆಯ ಸಂಗಾತಿ. ಕಣ್ಣೊರೆಸಿಕೊಂಡು ಮತ್ತೆ ಚೀಲ ಹೊರುತ್ತಾರೆ. ಸ್ವಂತ ಅನುಭವದ ಬಲದಿಂದ ಈ ಕೆಲಸಕ್ಕೆ ಬಂದವರಿಗೆ ಅನೇಕ ಕಡೆ ಸಂಬಳದ ಬದಲು ಗೌರವಧನ ಸಿಗುತ್ತದೆ. ರಜೆ, ವಿಮೆ, ಆಪ್ತಸಮಾಲೋಚನೆ ಇಲ್ಲ. ಅಮೆರಿಕದಲ್ಲಿ ಓವರ್‌ಡೋಸ್ ಸಾವು 2023ರ ಸುಮಾರು 1,05,000ದಿಂದ 2024ರಲ್ಲಿ 80,000ದ ಆಸುಪಾಸಿಗೆ ಇಳಿಯಿತು. ಇದಕ್ಕೆ ಕಾರಣಗಳು ಹಲವು. ಊರೂರಿಗೆ ಹರಡಿದ ನ್ಯಾಲೊಕ್ಸೋನ್ ಅವುಗಳಲ್ಲೊಂದು ಎಂದು ತಜ್ಞರು ಒಪ್ಪುತ್ತಾರೆ.

ಇಂಫಾಲದಿಂದ ಬೆಂಗಳೂರಿಗೆ

ಇದು ದೂರದ ಊರಿನ ಕಥೆ ಎಂದುಕೊಳ್ಳುವಂತಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ನೆರವು ಬೇಕು. ಮಾದಕ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಅಕ್ರಮ ಮಾದಕಕ್ಕೆ ದಾಸರಾದ ಇಪ್ಪತ್ತು ಜನರಲ್ಲಿ ಒಬ್ಬರಿಗಷ್ಟೇ ಆಸ್ಪತ್ರೆಯ ಒಳರೋಗಿ ಚಿಕಿತ್ಸೆ ಸಿಕ್ಕಿತ್ತು.

ನಮ್ಮ ದೇಶದಲ್ಲೂ ಮೊದಲು ಎದ್ದವರು ಬಾಧಿತರೇ. 1990ರ ಸುಮಾರಿಗೆ ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಕೆಲವೇ ತಿಂಗಳಲ್ಲಿ ಪರೀಕ್ಷೆಗೊಳಗಾದವರ ಅರ್ಧದಷ್ಟು ಜನಕ್ಕೆ ಹರಡಿತ್ತು. 1991ರಲ್ಲಿ ಚಟದಿಂದ ಹೊರಬಂದವರೇ ಸೇರಿ ಇಂಫಾಲದಲ್ಲಿ ಸಾಸೊ ಎಂಬ ಸಂಸ್ಥೆ ಕಟ್ಟಿ ಓಣಿಗಿಳಿದರು. ಬಂಡುಕೋರರ ಬಂದೂಕು ಒಂದು ಕಡೆ, ಪೊಲೀಸರ ಲಾಠಿ ಇನ್ನೊಂದು ಕಡೆ, ಊರವರ ತಿರಸ್ಕಾರ ಮತ್ತೊಂದು ಕಡೆ. ಅವರಂಥವರ ದುಡಿಮೆಯ ಮೇಲೆಯೇ ಮುಂದೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸೂಜಿ ವಿನಿಮಯ ಮತ್ತು ಬುಪ್ರೆನಾರ್ಫಿನ್ ಬದಲಿ ಚಿಕಿತ್ಸೆಯ ಕಾರ್ಯಕ್ರಮಗಳು ನಿಂತವು.

ಕರ್ನಾಟಕದ ಬಾಗಿಲಿಗೂ ಈ ಹಾವಳಿ ಬಂದಿದೆ. ಟ್ಯಾಪೆಂಟಡಾಲ್ ಎಂಬ ಒಪಿಯಾಯ್ಡ್ ನೋವಿನ ಮಾತ್ರೆಯ ದುರ್ಬಳಕೆಯ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2020ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದ್ದಾರೆ. ನುಂಗಲೆಂದು ಮಾಡಿದ ಮಾತ್ರೆ ಸೂಜಿಯ ದಾರಿ ಹಿಡಿದರೆ ಅದರ ಪುಡಿ ರಕ್ತನಾಳವನ್ನು ಹಾಳುಗೆಡವುತ್ತದೆ, ಹಂಚಿಕೊಂಡ ಸೂಜಿ ಎಚ್‌ಐವಿ, ಹೆಪಟೈಟಿಸ್ ತರುತ್ತದೆ. ನಮ್ಮಲ್ಲಿ ಇದರ ಸುದ್ದಿ ಹೆಚ್ಚಾಗಿ ಅಪರಾಧ ಪುಟದಲ್ಲಿ, ಇಂತಿಷ್ಟು ಮಾತ್ರೆ ವಶ, ಇಂತಿಷ್ಟು ಜನರ ಬಂಧನ ಎಂದು ಬರುತ್ತದೆ. ಬಂಧನವಾದ ಹುಡುಗನ ನರಳಾಟ, ಮಗನ ತೋಳಿನ ಗಾಯವನ್ನು ಸಂಬಂಧಿಕರಿಂದ ಮುಚ್ಚಿಡುವ ತಾಯಿಯ ಸಂಕಟ ಆರೋಗ್ಯದ ಪುಟಕ್ಕೆ ಬರುವುದೇ ಇಲ್ಲ.

ನಮಗೆ ಮಾದರಿ ನಮ್ಮಲ್ಲೇ ಇದೆ. 2004ರಲ್ಲಿ ಮೈಸೂರಿನಲ್ಲಿ ಶುರುವಾದ ಅಶೋದಯದಲ್ಲಿ ಲೈಂಗಿಕ ಕಾರ್ಯಕರ್ತೆಯರೇ ತಮ್ಮ ಸಂಗಾತಿಗಳನ್ನು ಹುಡುಕಿ ಹೋಗಿ ಕಾಂಡೋಮ್ ಕೊಟ್ಟರು, ಪರೀಕ್ಷೆಗೆ ಕರೆದೊಯ್ದರು, ಹಿಂಸೆ ನಡೆದಾಗ ಬೆನ್ನಿಗೆ ನಿಂತರು. ಎರಡೇ ವರ್ಷದಲ್ಲಿ ಕಾಂಡೋಮ್ ಬಳಕೆ ಏರಿತು, ಸಿಫಿಲಿಸ್‌ನಂಥ ಸೋಂಕು ಇಳಿಯಿತು. ಅಂದು ಅವರನ್ನು ನಂಬಿದ ರಾಜ್ಯ, ಇಂದು ಚಟದಿಂದ ಹೊರಬಂದ ಯುವಕನನ್ನೂ ನಂಬಬಹುದು.

ಮಾಡಬೇಕಾದದ್ದು ಸ್ಪಷ್ಟವಾಗಿದೆ. ಮಾದಕ ಬಳಸುವವರ ನಡುವೆ ಕೆಲಸ ಮಾಡುವ ಪ್ರತಿ ಕ್ಷೇತ್ರ ಕಾರ್ಯಕರ್ತರ ಚೀಲದಲ್ಲೂ ನ್ಯಾಲೊಕ್ಸೋನ್ ಇರಬೇಕು. ಓವರ್‌ಡೋಸ್ ಆದಾಗ ಪಕ್ಕದಲ್ಲಿರುವ ಸಾಧ್ಯತೆಯಿರುವ ಎಲ್ಲರಿಗೂ ಆ ಔಷಧವೂ ತರಬೇತಿಯೂ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮಲ್ಲಿ ಅದು ಇಂದಿಗೂ ಬಹುಮಟ್ಟಿಗೆ ಆಸ್ಪತ್ರೆಯ ಇಂಜೆಕ್ಷನ್ ಆಗಿಯೇ ಉಳಿದಿದೆ. ಎರಡನೆಯದಾಗಿ, ಬಿದ್ದ ಗೆಳೆಯನಿಗಾಗಿ ಆಂಬುಲೆನ್ಸ್ ಕರೆದವರನ್ನು ಮಾದಕ ಬಳಕೆಗಾಗಿ ಬಂಧಿಸುವುದಿಲ್ಲ ಎಂಬ ಭರವಸೆ ಕಾನೂನಿನಲ್ಲಿ ಬೇಕು. ಕೆನಡಾ 2017ರಲ್ಲಿ ಅಂಥ ಕಾನೂನು ತಂದಿತು. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಶಿಕ್ಷೆಯಿಂದ ರಕ್ಷಣೆ ಕೊಡುವ ಕಲಮು ಈಗಾಗಲೇ ಇದೆ. ಕರೆ ಮಾಡಿದವರಿಗೂ ಅದನ್ನು ವಿಸ್ತರಿಸುವುದು ಕಷ್ಟವಲ್ಲ. ಮೂರನೆಯದಾಗಿ, ಈ ಕಾರ್ಯಕರ್ತರಿಗೆ ತಿಂಗಳ ಸಂಬಳ, ವಿಮೆ, ಮನಸ್ಸಿನ ಭಾರ ಇಳಿಸಿಕೊಳ್ಳಲು ಸಮಾಲೋಚಕರು ಬೇಕು.

ಮನೆಯಲ್ಲಿ ಇಂಥ ಸಂಕಟ ಇರುವವರು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ, ಇಲ್ಲವೇ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಷಿಕಾಗೊದ ಕೆಲಸಕ್ಕೆ ಕಾನೂನಿನ ರಕ್ಷಣೆ ಸಿಗಲು ಹದಿನಾಲ್ಕು ವರ್ಷ ಹಿಡಿಯಿತು. ಅದು ಶುರುವಾದಾಗ ಕಣ್ಣೆದುರು ಹೆಚ್ಚು ಉದಾಹರಣೆಗಳಿರಲಿಲ್ಲ. ನಮಗೆ ಷಿಕಾಗೊ ಇದೆ, ವ್ಯಾಂಕೂವರ್ ಇದೆ, ಇಂಫಾಲ ಇದೆ, ಮೈಸೂರೇ ಇದೆ. ಇಷ್ಟೆಲ್ಲ ಗೊತ್ತಿದ್ದೂ ನಾವು ತಡಮಾಡಿದರೆ, ಆ ತಡಕ್ಕೆ ತಿಳಿಯಲಿಲ್ಲ ಎಂಬ ನೆಪ ಇರುವುದಿಲ್ಲ.